ಚೀಟಿಯಲ್ಲಿ ಹುಸಿ ಮಾತ್ರೆ ಬಂದರೆ ಆರು ತಿಂಗಳು ವ್ಯರ್ಥವೇ?

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ, ನಮ್ಮ ಯಜಮಾನರಿಗೆ 35. ಮದುವೆಯಾಗಿ ನಾಲ್ಕು ವರ್ಷ. ಎರಡು ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ನನ್ನ ಗರ್ಭನಾಳಗಳು ತೆರೆದಿವೆ, ಮುಟ್ಟು ಸರಿಯಾಗಿದೆ, ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ಪರೀಕ್ಷೆಯಲ್ಲಿ 2.8 ಬಂದಿದೆ. ಅವರಿಗೆ ಜುಲೈ ಕೊನೆಯಲ್ಲಿ ಡೆಂಗಿ ಬಂದು ಒಂದು ವಾರ ಹಾಸಿಗೆ ಹಿಡಿದಿದ್ದರು. ಆಗಸ್ಟ್ ಕೊನೆಗೆ ಮಾಡಿಸಿದ ವೀರ್ಯ ಪರೀಕ್ಷೆಯಲ್ಲಿ ಎಣಿಕೆ ಒಂದು ಎಂಎಲ್‌ಗೆ 11 ಮಿಲಿಯನ್, ಚಲನೆಯೂ ಕಡಿಮೆ ಎಂದು ಬಂತು. ಈ ತಿಂಗಳು, ಅಂದರೆ ಅಕ್ಟೋಬರ್‌ನಲ್ಲಿ, ನಾವು ತೋರಿಸುವ ಆಸ್ಪತ್ರೆಯವರು ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಗಂಡಸರಿಗೆ ಆರು ತಿಂಗಳು ಆಂಟಿಆಕ್ಸಿಡೆಂಟ್ (ಜೀವಕೋಶಗಳ ಸವೆತ ತಡೆಯುತ್ತದೆ ಎನ್ನುವ ವಿಟಮಿನ್, ಖನಿಜಗಳ) ಮಾತ್ರೆ ಕೊಡುತ್ತಾರೆ. ಆದರೆ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ನನ್ನ ನಾದಿನಿಯ ಗಂಡ ಇಂಥದ್ದೇ ಮಾತ್ರೆ ನುಂಗಿದರು, ಮೂರೇ ತಿಂಗಳಲ್ಲಿ ಅವಳು ಗರ್ಭಿಣಿಯಾದಳು. ಅತ್ತೆಯವರು 'ಮಕ್ಕಳಿಲ್ಲದವರು ಅಂತ ನಿಮ್ಮ ಮೇಲೆ ಪ್ರಯೋಗ ಮಾಡುತ್ತಾರೆ, ಸಹಿ ಹಾಕಬೇಡಿ' ಎನ್ನುತ್ತಾರೆ. ಔಷಧ ಅಂಗಡಿಯಲ್ಲೇ ಸಿಗುವಾಗ ಸಕ್ಕರೆ ಮಾತ್ರೆ ನುಂಗಿ ಆರು ತಿಂಗಳು ಕಳೆಯುವುದು ನ್ಯಾಯವೇ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ಡೆಂಗಿಯ ಮೇಲೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ನೀವು ಕೇಳಿರುವುದು ಹುಸಿ ಮಾತ್ರೆಯ ಬಗ್ಗೆ.

ನಿಮ್ಮ ಆತಂಕ ನನಗೆ ಅರ್ಥವಾಗುವುದು ಹೀಗೆ: ಚೀಟಿ ಎತ್ತುತ್ತಾರೆ, ಅದೃಷ್ಟವಿದ್ದವರಿಗೆ ಔಷಧ ಸಿಗುತ್ತದೆ, ಇಲ್ಲದವರಿಗೆ ಸಕ್ಕರೆ, ಸಕ್ಕರೆ ಸಿಕ್ಕವರು ಆರು ತಿಂಗಳ ಜೊತೆಗೆ ಮಗುವಿನ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳಿಂದ ಬಂಜೆತನದ ಚಿಕಿತ್ಸೆ ಮಾಡುತ್ತಿದ್ದೇನೆ. ಇಂಥ ಎರಡು ಟ್ರಯಲ್‌ಗಳಿಗೆ ದಂಪತಿಗಳನ್ನು ಸೇರಿಸಿಕೊಂಡಿದ್ದೇನೆ. ಸಮ್ಮತಿ ಪತ್ರ ಮುಂದಿಟ್ಟಾಗ ಹತ್ತರಲ್ಲಿ ಎಂಟು ಜನ ಕೇಳುವುದು ಇದನ್ನೇ. ಈ ಆತಂಕದ ಅಡಿಯಲ್ಲಿ ಒಂದು ನಂಬಿಕೆ ಕೂತಿದೆ: ನಿಜವಾದ ಮಾತ್ರೆ ಕೆಲಸ ಮಾಡುತ್ತದೆ ಎನ್ನುವುದು. ಅದು ಗೊತ್ತಿದ್ದರೆ ಟ್ರಯಲ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ನಿಮಗೆ ಹೇಳಿರುವ ಮಾತ್ರೆಗೆ ತೀರ ಹತ್ತಿರದ ಉದಾಹರಣೆಯನ್ನೇ ನೋಡಿ. ಅಮೆರಿಕದಲ್ಲಿ ಬಂಜೆತನದ ಚಿಕಿತ್ಸೆಗೆ ಬಂದ 2,370 ದಂಪತಿಗಳಲ್ಲಿ ಗಂಡಸರಿಗೆ ಆರು ತಿಂಗಳು ಫೋಲಿಕ್ ಆಮ್ಲ ಮತ್ತು ಸತು ಇರುವ ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಔಷಧದ ಗುಂಪಿನಲ್ಲಿ ನೂರಕ್ಕೆ 34 ದಂಪತಿಗಳಿಗೆ ಮಗುವಾಯಿತು. ಹುಸಿ ಮಾತ್ರೆಯ ಗುಂಪಿನಲ್ಲಿ 35. ಎಣಿಕೆಯಾಗಲಿ ಚಲನೆಯಾಗಲಿ ಸುಧಾರಿಸಲಿಲ್ಲ. ಅಷ್ಟೇ ಅಲ್ಲ, ವೀರ್ಯಾಣುವಿನ ಡಿಎನ್‌ಎ ತುಂಡಾಗಿರುವ ಪ್ರಮಾಣ ನಿಜವಾದ ಮಾತ್ರೆ ನುಂಗಿದವರಲ್ಲೇ ತುಸು ಹೆಚ್ಚಿತ್ತು. ಹೊಟ್ಟೆನೋವು, ವಾಕರಿಕೆ, ವಾಂತಿ ಕೂಡ ಅವರಲ್ಲೇ ಹೆಚ್ಚು. ಅದೇ ವರ್ಷ ಬಂದ ಇನ್ನೊಂದು ಚಿಕ್ಕ ಅಧ್ಯಯನದಲ್ಲಿ ವಿಟಮಿನ್ ಸಿ, ಇ, ಡಿ, ಸೆಲೆನಿಯಂ, ಕಾರ್ನಿಟೀನ್, ಲೈಕೋಪೀನ್ ಎಲ್ಲ ಬೆರೆಸಿ 171 ಗಂಡಸರಲ್ಲಿ ಪರೀಕ್ಷಿಸಿದರು. ಮಗುವಾದದ್ದು ಔಷಧದ ಕಡೆ ನೂರಕ್ಕೆ 15, ಹುಸಿಯ ಕಡೆ 24. ಸಂಖ್ಯೆ ಚಿಕ್ಕದಾದ್ದರಿಂದ ಈ ಅಂತರ ಆಕಸ್ಮಿಕವಿರಬಹುದು, ಔಷಧದಿಂದ ಕೆಡುಕಾಯಿತು ಎನ್ನಲಾಗದು. ಒಳಿತಾಯಿತು ಎಂದಂತೂ ಹೇಳಲಾಗದು. ಇನ್ನೊಂದು ಕಡೆ, ಸಣ್ಣ ಸಣ್ಣ ಅಧ್ಯಯನಗಳನ್ನು ಕೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ ಪರಾಮರ್ಶೆಯಲ್ಲಿ ಆಂಟಿಆಕ್ಸಿಡೆಂಟ್‌ಗಳಿಂದ ಲಾಭವಿರಬಹುದು ಎಂಬ ಸುಳಿವಿದೆ, ಆದರೆ ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂದು ಅವರೇ ಬರೆದಿದ್ದಾರೆ. ಹೀಗೆ ಮಾತು ಎರಡೂ ಕಡೆ ಜಗ್ಗುತ್ತಿರುವುದರಿಂದಲೇ ಇನ್ನೊಂದು ಟ್ರಯಲ್ ಮಾಡುವುದಕ್ಕೆ ಅರ್ಥವಿದೆ. ಸದ್ಯಕ್ಕೆ ನನ್ನನ್ನು ಕೇಳಿದರೆ, ಹುಸಿ ಮಾತ್ರೆ ಬಂದವರು ಸೋತವರು ಎಂದು ನಾನು ಪಣ ಕಟ್ಟುವುದಿಲ್ಲ.

ಹಾಗಾದರೆ ನಾದಿನಿಯ ವಿಷಯ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಬಂಜೆತನದ ಚಿಕಿತ್ಸೆಯಷ್ಟು ಕಾಗೆಗಳು ಕೂರುವ ಮರ ವೈದ್ಯಕೀಯದಲ್ಲಿ ಇನ್ನೊಂದಿಲ್ಲ. ಗರ್ಭನಿರೋಧಕವಿಲ್ಲದೆ ಕೂಡುವ ದಂಪತಿಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನರಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡನೆಯ ವರ್ಷದಲ್ಲಿ, ಏನೂ ಮಾಡದೆಯೇ. ನಮ್ಮ ಕಾಯುವ ಕೋಣೆಯಲ್ಲಿ ಕೂತವರಲ್ಲಿ ಪ್ರತಿ ತಿಂಗಳೂ ಒಬ್ಬಿಬ್ಬರಿಗೆ ಹೀಗೆ ತಾನಾಗಿ ಆಗುತ್ತಿರುತ್ತದೆ. ಆ ತಿಂಗಳು ಅವರು ನನ್ನ ಮಾತ್ರೆ ನುಂಗಿರುತ್ತಾರೆ, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿರುತ್ತಾರೆ, ಮನೆಯಲ್ಲಿ ಹಿರಿಯರು ಕೊಟ್ಟ ಕಷಾಯವನ್ನೂ ಕುಡಿದಿರುತ್ತಾರೆ. ಯಶಸ್ಸನ್ನು ಯಾರ ಖಾತೆಗೆ ಬರೆಯಬೇಕು? ನಾನು ನನ್ನ ಖಾತೆಗೆ ಬರೆದುಕೊಳ್ಳುತ್ತೇನೆ. ಪೇಢೆ ಡಬ್ಬಿ ಬರುವುದು ನನ್ನ ಮೇಜಿಗೇ ತಾನೇ!

ಈ ಪೇಢೆ ಡಬ್ಬಿಯ ಬಗ್ಗೆ ನನ್ನದೇ ಒಂದು ಕಥೆ ಹೇಳಬೇಕು. 2003ರಲ್ಲಿ ಇಸ್ರೇಲಿನ ವೈದ್ಯರು 134 ಮಹಿಳೆಯರ ಒಂದು ಅಧ್ಯಯನ ಪ್ರಕಟಿಸಿದರು. ಐವಿಎಫ್‌ಗೆ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮೊದಲಿನ ತಿಂಗಳಲ್ಲಿ ತೆಳುವಾದ ನಳಿಗೆ ಹಾಕಿ ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆದರೆ ಮಗುವಾಗುವ ಪ್ರಮಾಣ ದುಪ್ಪಟ್ಟಾಗುತ್ತದೆ ಎಂದರು. ಜಗತ್ತಿನಾದ್ಯಂತ ಎಲ್ಲರೂ ಕೆರೆಯತೊಡಗಿದೆವು, ನಾನೂ ಸೇರಿ. ಅದು ನೋಯುತ್ತದೆ, ಮೇಜಿನ ಅಂಚು ಬಿಗಿಯಾಗಿ ಹಿಡಿದು ಹಲ್ಲು ಕಚ್ಚಿದ ಎಷ್ಟೋ ಹೆಣ್ಣುಮಕ್ಕಳ ಬೆರಳುಗಳು ಇನ್ನೂ ಕಣ್ಣ ಮುಂದಿವೆ. ಆಮೇಲೆ ಗರ್ಭ ನಿಂತವರು ಮಗುವಿನ ಫೋಟೋ ತಂದುಕೊಟ್ಟರು, ನಾನು ಗೋಡೆಯ ಹಲಗೆಗೆ ಸಿಕ್ಕಿಸಿದೆ. ಆ ಹಲಗೆಯೇ ನನ್ನ ಪುರಾವೆಯಾಗಿತ್ತು. ಕೆರೆಸಿಕೊಂಡೂ ಗರ್ಭ ನಿಲ್ಲದವರು ಫೋಟೋ ತರುವುದಿಲ್ಲ, ಬೇರೆ ಆಸ್ಪತ್ರೆಗೆ ಹೋಗುತ್ತಾರೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. 2019ರಲ್ಲಿ ನ್ಯೂಜಿಲೆಂಡ್, ಬ್ರಿಟನ್ ಮೊದಲಾದ ಐದು ದೇಶಗಳ 1,364 ಮಹಿಳೆಯರ ಅಧ್ಯಯನ ಬಂತು. ಕೆರೆಸಿಕೊಂಡವರಲ್ಲಿ ಮಗುವಾದದ್ದು ನೂರಕ್ಕೆ 26.1, ಕೆರೆಸಿಕೊಳ್ಳದವರಲ್ಲಿ ನೂರಕ್ಕೆ 26.1. ದಶಮಾಂಶದವರೆಗೆ ಒಂದೇ! ನಾನು ಅಂದು ಆ ನಳಿಗೆಗಳ ಪೆಟ್ಟಿಗೆ ಮುಚ್ಚಿದೆ. ಹಲಗೆಯ ಮೇಲಿನ ಫೋಟೋಗಳನ್ನು ತೆಗೆಯಲಿಲ್ಲ, ಮಕ್ಕಳೇನು ತಪ್ಪು ಮಾಡಿದ್ದಾರೆ.

ಆ ಅಧ್ಯಯನದಲ್ಲಿ ಹುಸಿ ಕೆರೆತವಿರಲಿಲ್ಲ. ಒಂದು ಗುಂಪಿಗೆ ಕೆರೆದರು, ಇನ್ನೊಂದಕ್ಕೆ ಏನೂ ಮಾಡಲಿಲ್ಲ. ಎಣಿಸಿದ್ದು ಮಗು ಹುಟ್ಟಿತೇ ಇಲ್ಲವೇ ಎನ್ನುವುದನ್ನು. ಹುಟ್ಟಿದ ಮಗುವನ್ನು ಮನಸ್ಸಿನ ಭಾವನೆ ಹೆಚ್ಚುಕಡಿಮೆ ಮಾಡಲಾರದು. ಹಾಗಿದ್ದರೆ ಬಂಜೆತನದ ಟ್ರಯಲ್‌ಗೆ ಪ್ಲಾಸಿಬೊ, ಅಂದರೆ ಹುಸಿ ಚಿಕಿತ್ಸೆ, ಏಕೆ ಬೇಕು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ, ನಮ್ಮ ವೃತ್ತಿಯವರೇ ಇದರ ಬಗ್ಗೆ ವಾದಿಸುತ್ತಾರೆ.

ಪ್ಲಾಸಿಬೊ ಎಂದಕೂಡಲೇ ಜನರಿಗೆ 'ನಂಬಿಕೆಯ ಶಕ್ತಿ' ನೆನಪಾಗುತ್ತದೆ. ಆ ಶಕ್ತಿಯ ಬಗ್ಗೆ ಅತಿಶಯೋಕ್ತಿ ಬಹಳ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಹುಸಿ ಚಿಕಿತ್ಸೆ ಪಡೆದವರನ್ನೂ ಯಾವ ಚಿಕಿತ್ಸೆಯನ್ನೂ ಪಡೆಯದವರನ್ನೂ ಹೋಲಿಸಿದ 114 ಟ್ರಯಲ್‌ಗಳನ್ನು ಒಟ್ಟಿಗೆ ನೋಡಿದರು. ನೋವಿನಂಥ, ರೋಗಿ ತಾನೇ ಹೇಳಬೇಕಾದ ವಿಷಯಗಳಲ್ಲಿ ಸ್ವಲ್ಪ ಪರಿಣಾಮ ಕಂಡಿತು. ಅಳೆದು ನೋಡಬಹುದಾದ ವಿಷಯಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸಕ್ಕರೆ ಮಾತ್ರೆ ನಂಬಿ ನುಂಗಿದರೆ ವೀರ್ಯಾಣು ಹೆಚ್ಚುವುದಿಲ್ಲ. ಇದೇ ಸರಣಿಯ ಇನ್ನೊಂದು ಮಾತು 'ಟೆನ್ಷನ್ ಬಿಡಿ, ತಾನಾಗಿ ಆಗುತ್ತದೆ' ಎನ್ನುವುದು. ಐವಿಎಫ್‌ಗೆ ಮೊದಲು ಆತಂಕ, ಖಿನ್ನತೆ ಇದ್ದವರಿಗೆ ಗರ್ಭ ನಿಲ್ಲುವುದು ಕಡಿಮೆಯೇ ಎಂದು 14 ಅಧ್ಯಯನಗಳ 3,583 ಮಹಿಳೆಯರ ಮಾಹಿತಿಯನ್ನು 2011ರಲ್ಲಿ ಕೂಡಿಸಿ ನೋಡಿದರು, ಸಂಬಂಧ ಕಾಣಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ನಿಮಗೆ ಈ ಟೆನ್ಷನ್ ಉಪದೇಶ ಮಾಡಿದರೆ ತಲೆಯಾಡಿಸಿ ಊಟಕ್ಕೆ ಎದ್ದುಬಿಡಿ.

ಪ್ಲಾಸಿಬೊ ಬೇಕಾಗಿರುವುದು ಜನರ ನಡವಳಿಕೆಗಾಗಿ. ನಿಮ್ಮ ಯಜಮಾನರಿಗೆ 'ನಿಮಗೆ ಏನೂ ಕೊಡುವುದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ' ಎಂದರೆ ಏನು ಮಾಡುತ್ತಾರೆ? ದಾರಿಯಲ್ಲೇ ಔಷಧದಂಗಡಿಗೆ ನುಗ್ಗಿ ಅದೇ ಮಾತ್ರೆ ಕೊಳ್ಳುತ್ತಾರೆ, ಅಥವಾ ಎರಡನೆಯ ತಿಂಗಳಲ್ಲಿ ಬೇರೆ ಕಡೆ ಐವಿಎಫ್‌ಗೆ ಹೋಗುತ್ತಾರೆ. 'ನಿಮಗೆ ಒಳ್ಳೆಯ ಔಷಧ ಕೊಟ್ಟಿದ್ದೇವೆ' ಎಂದರೆ ಸಿಗರೇಟು ಬಿಡುತ್ತಾರೆ, ಬಿಗಿ ಒಳಉಡುಪು ಬದಲಿಸುತ್ತಾರೆ, ಆ ದಿನಗಳಲ್ಲಿ ಊರಿಗೆ ಹೋಗುವುದನ್ನು ಮುಂದೂಡುತ್ತಾರೆ. ವೈದ್ಯರೂ ಕಡಿಮೆಯೇನಲ್ಲ. ಔಷಧ ಪಡೆದವಳು ಎಂದು ಗೊತ್ತಿದ್ದರೆ ಅವಳ ಚಿಕಿತ್ಸೆಯ ಚಕ್ರವನ್ನು ಬೇಗ ಕೈಬಿಡುವುದಿಲ್ಲ, ಭ್ರೂಣ ಆರಿಸುವಾಗ ಇನ್ನೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಇವೆಲ್ಲ ಸೇರಿ ನೂರಕ್ಕೆ ಮೂರ್ನಾಲ್ಕು ಮಕ್ಕಳ ವ್ಯತ್ಯಾಸ ತರಬಲ್ಲವು. ಬಂಜೆತನದ ಔಷಧಗಳಿಂದ ನಾವು ನಿರೀಕ್ಷಿಸುವ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎರಡೂ ಕಡೆಯವರ ಕಣ್ಣು ಕಟ್ಟಬೇಕು.

ಕಣ್ಣು ಕಟ್ಟುವುದು ಹೇಳಿದಷ್ಟು ಸುಲಭವಲ್ಲ. ನಮ್ಮಲ್ಲಿ ಟ್ರಯಲ್ ನಡೆದಾಗ ಬಿಳಿ ಡಬ್ಬಿಗಳ ಮೇಲೆ ಸಂಖ್ಯೆ ಮಾತ್ರ ಇರುತ್ತಿತ್ತು. ಯಾವ ಸಂಖ್ಯೆ ಯಾವ ಮಾತ್ರೆ ಎನ್ನುವ ಪಟ್ಟಿ ನಮ್ಮ ಕಟ್ಟಡದಲ್ಲೇ ಇರಲಿಲ್ಲ. ಆದರೂ ಒಬ್ಬರು ಮಾತ್ರೆಯನ್ನು ಅರ್ಧ ಮುರಿದು ತಂದು 'ಇದರಲ್ಲಿ ವಿಟಮಿನ್ ವಾಸನೆಯೇ ಇಲ್ಲ ಮೇಡಂ' ಎಂದು ನಮ್ಮ ನರ್ಸ್ ಮುಂದೆ ಹಿಡಿದರು. ಬಿ ವಿಟಮಿನ್ ಇದ್ದರೆ ಮೂತ್ರ ಹಳದಿಯಾಗುತ್ತದೆ ಎಂಬುದನ್ನು ಇಂಟರ್ನೆಟ್‌ನಲ್ಲಿ ಓದಿಕೊಂಡು ಪರೀಕ್ಷಿಸಿದವರೂ ಇದ್ದರು. ಇದೇನೂ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ನೆಗಡಿಗೆ ವಿಟಮಿನ್ ಸಿ ಕೊಟ್ಟು ನೋಡಿದಾಗ ಅಲ್ಲಿನ ನೌಕರರೇ ಕ್ಯಾಪ್ಸೂಲ್ ಬಿಚ್ಚಿ ನೆಕ್ಕಿ ಹುಳಿಯೋ ಸಿಹಿಯೋ ನೋಡಿಬಿಟ್ಟಿದ್ದರು! ನೆಗಡಿ ಬೇಗ ಹೋಯಿತು ಎಂಬ ಲಾಭ ಕಂಡದ್ದು ಬಹುಪಾಲು ಹೀಗೆ ಊಹಿಸಿದವರಲ್ಲೇ.

ಏನಾದರೂ ನುಂಗಬೇಕು, ಏನಾದರೂ ಮಾಡಿಸಿಕೊಳ್ಳಬೇಕು ಎನ್ನುವ ನಮ್ಮ ತವಕ ಎಷ್ಟು ಬಲವಾದದ್ದು ಎನ್ನುವುದನ್ನು ತೋರಿಸಿದ್ದು ಸ್ಕಾಟ್ಲೆಂಡಿನ ಒಂದು ಅಧ್ಯಯನ. 2008ರಲ್ಲಿ ಪ್ರಕಟವಾದ ಅದರಲ್ಲಿ ಕಾರಣ ತಿಳಿಯದ ಬಂಜೆತನವಿದ್ದ 580 ಮಹಿಳೆಯರಿದ್ದರು. ಅಂಡೋತ್ಪತ್ತಿಗೆ ಕೊಡುವ ಕ್ಲೋಮಿಫೀನ್ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 14 ಜನರಿಗೆ ಮಗುವಾಯಿತು, ಸುಮ್ಮನೆ ಕಾದವರಲ್ಲಿ 17. ಆದರೂ ಕ್ಲೋಮಿಫೀನ್‌ನವರಲ್ಲಿ ನೂರಕ್ಕೆ 94 ಜನ 'ನನಗೆ ಈ ಕ್ರಮ ಒಪ್ಪಿಗೆ' ಎಂದರು. ಕಾದವರಲ್ಲಿ ಹಾಗೆಂದವರು 80. ಕೈಯಲ್ಲಿ ಮಾತ್ರೆ ಇದ್ದರೆ ಮಗು ಬಾರದಿದ್ದರೂ ಸಮಾಧಾನ ಬರುತ್ತದೆ. ಅಂಗಡಿಗಳಲ್ಲಿ ಆಂಟಿಆಕ್ಸಿಡೆಂಟ್ ಇಷ್ಟೊಂದು ಮಾರಾಟವಾಗುವುದಕ್ಕೆ ಈ ಸಮಾಧಾನವೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಹುಸಿ ಮಾತ್ರೆಯ ಗುಂಪು ಎಂದರೆ ಔಷಧಗಳನ್ನೆಲ್ಲ ತಿರಸ್ಕರಿಸುವ ಯಂತ್ರ ಎಂದುಕೊಳ್ಳಬೇಡಿ. ಅದು ಜರಡಿ. ಚೀನಾದಲ್ಲಿ ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ) ಇರುವ 1,000 ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು: ನಿಜವಾದ ಅಕ್ಯುಪಂಕ್ಚರ್ ಜೊತೆ ಕ್ಲೋಮಿಫೀನ್, ತೋರಿಕೆಯ ಅಕ್ಯುಪಂಕ್ಚರ್ ಜೊತೆ ಕ್ಲೋಮಿಫೀನ್, ನಿಜವಾದ ಅಕ್ಯುಪಂಕ್ಚರ್ ಜೊತೆ ಹುಸಿ ಮಾತ್ರೆ, ಎರಡೂ ಹುಸಿ. ಮಗುವಾದದ್ದು ನೂರಕ್ಕೆ ಕ್ರಮವಾಗಿ 29.4, 28.0, 13.9, 16.8. ಈ ನಾಲ್ಕು ಸಂಖ್ಯೆಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಕ್ಲೋಮಿಫೀನ್ ಇದ್ದ ಕಡೆ ಮಕ್ಕಳು ಹೆಚ್ಚುಕಡಿಮೆ ಎರಡರಷ್ಟು. ಸೂಜಿ ನಿಜವೋ ತೋರಿಕೆಯೋ, ವ್ಯತ್ಯಾಸವೇ ಇಲ್ಲ. ಎರಡೂ ಹುಸಿಯಾಗಿದ್ದವರಲ್ಲೂ ನೂರಕ್ಕೆ ಹದಿನೇಳು ತಾಯಂದಿರು! ಸೂಜಿ ಚುಚ್ಚುವವರು ಆ ಹದಿನೇಳು ಜನರನ್ನು ಮಾತ್ರ ತೋರಿಸಿ ಜಾಹೀರಾತು ಕೊಟ್ಟರೆ ಯಾರು ನಂಬುವುದಿಲ್ಲ?

ಪದೇ ಪದೇ ಗರ್ಭಪಾತವಾಗುವವರಿಗೆ ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಕಥೆಯೂ ಹೀಗೆಯೇ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 836 ಮಹಿಳೆಯರ ಅಧ್ಯಯನ 2015ರಲ್ಲಿ ಬಂತು. ಔಷಧ ಪಡೆದವರಲ್ಲಿ ನೂರಕ್ಕೆ 65.8 ಜನರಿಗೆ ಮಗುವಾಯಿತು. ಮೂರು ಮೂರು ಗರ್ಭಪಾತ ಕಂಡವರಲ್ಲಿ ಇಷ್ಟು ಯಶಸ್ಸು ಎಂದರೆ ಯಾವ ವೈದ್ಯರಾದರೂ ಎದೆ ತಟ್ಟಿಕೊಂಡಾರು. ಪಕ್ಕದ ಗುಂಪಿನಲ್ಲಿ, ಏನೂ ಇಲ್ಲದ ಮಾತ್ರೆಯವರಲ್ಲಿ, 63.3. ಅಲ್ಲಿಗೇ ನಿಲ್ಲಲಿಲ್ಲ. 2019ರಲ್ಲಿ ಗರ್ಭದ ಆರಂಭದಲ್ಲಿ ರಕ್ತಸ್ರಾವವಾದ 4,153 ಮಹಿಳೆಯರಲ್ಲಿ ಮತ್ತೆ ಪರೀಕ್ಷಿಸಿದಾಗ, ಹಿಂದೆ ಮೂರು ಅಥವಾ ಹೆಚ್ಚು ಗರ್ಭಪಾತವಾಗಿ ಈಗ ರಕ್ತಸ್ರಾವವೂ ಆದವರಲ್ಲಿ ಔಷಧದ ಕಡೆ 72, ಹುಸಿಯ ಕಡೆ 57 ಎಂದು ಬಂತು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎನ್ನುವುದು ಹುಸಿ ಔಷಧಕ್ಕೆ ಒಪ್ಪಿದ ಆ ಹೆಣ್ಣುಮಕ್ಕಳಿಂದ ತಿಳಿಯಿತು.

ಈಗ ಅತ್ತೆಯವರ ಮಾತಿಗೆ ಬರೋಣ. ಅದನ್ನು ಹಳೆಯ ಕಾಲದ ಹೆದರಿಕೆ ಎಂದು ತಳ್ಳಿಹಾಕಬೇಡಿ, ಅದಕ್ಕೆ ಆಧಾರವಿದೆ. 1940ರ ದಶಕದಿಂದ ಅಮೆರಿಕದಲ್ಲಿ ಗರ್ಭಪಾತ ತಡೆಯಲು ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ ಕೊಡುತ್ತಿದ್ದರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸುಮಾರು 1,600 ಗರ್ಭಿಣಿಯರ ಮೇಲೆ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡಿ, ಲಾಭವಿಲ್ಲ ಎಂದು 1953ರಲ್ಲೇ ಪ್ರಕಟಿಸಿದರು. ವೈದ್ಯರು ಕಿವಿಗೊಡಲಿಲ್ಲ, ಬರೆಯುತ್ತಲೇ ಹೋದರು. 1971ರಲ್ಲಿ ಆ ಔಷಧ ಪಡೆದ ತಾಯಂದಿರ ಹೆಣ್ಣುಮಕ್ಕಳಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಕಂಡ ಮೇಲೆ ಎಚ್ಚರಿಕೆ ಹೊರಬಿತ್ತು. ಹದಿನೆಂಟು ವರ್ಷ! ಇದರಲ್ಲಿ ಪ್ಲಾಸಿಬೊ ಗುಂಪಿಗೆ ಬಿದ್ದವರೇ ಪುಣ್ಯವಂತರು. ಆದರೆ ಕಥೆಗೆ ಇನ್ನೊಂದು ಮುಖವಿದೆ. ಶಿಕಾಗೋದ ಆ ಮಹಿಳೆಯರಲ್ಲಿ ಕೆಲವರು ಮುಂದೆ ನ್ಯಾಯಾಲಯಕ್ಕೆ ಹೋದರು. ತಾವು ಪ್ರಯೋಗದಲ್ಲಿದ್ದೇವೆ ಎಂದಾಗಲಿ, ಕೊಟ್ಟ ಮಾತ್ರೆ ಏನೆಂದಾಗಲಿ ತಮಗೆ ತಿಳಿಸಿಯೇ ಇರಲಿಲ್ಲ ಎಂದು ದೂರಿದರು. ಅತ್ತೆಯವರು ಹೆದರುತ್ತಿರುವುದು ಇದಕ್ಕೇ.

ನಿಮಗೆ ಮೊದಲೇ ಹೇಳಿದ್ದಾರೆ, ಅರ್ಧ ಅರ್ಧ ಎಂದೂ ಹೇಳಿದ್ದಾರೆ, ಸಹಿ ಕೇಳಿದ್ದಾರೆ. ವ್ಯತ್ಯಾಸ ಅಲ್ಲಿದೆ. ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಗಿದೆ; ಸಂಖ್ಯೆ ಕೊಟ್ಟರೆ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಹೊಸ ಔಷಧಗಳ ಟ್ರಯಲ್‌ಗೆ ಅನ್ವಯಿಸುವ 2019ರ ನಿಯಮಗಳಲ್ಲಿ ಹೆಚ್ಚಿನವರಿಗೆ ಗೊತ್ತಿರದ ಒಂದು ಅಂಶವಿದೆ: ಸರಿಯಾದ ಚಿಕಿತ್ಸೆ ಲಭ್ಯವಿದ್ದೂ ಅದನ್ನು ಕೊಡಬೇಕಾದಂತೆ ಕೊಡದೆ ಪ್ಲಾಸಿಬೊ ಕೊಟ್ಟದ್ದರಿಂದ ಹಾನಿಯಾದರೆ, ಅದನ್ನು ಟ್ರಯಲ್‌ನಿಂದಾದ ಹಾನಿ ಎಂದೇ ಪರಿಗಣಿಸಿ ಪರಿಹಾರ ಕೊಡಬೇಕು. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗೂ ಮಾತ್ರೆಗೂ ನಿಮ್ಮಿಂದ ಹಣ ಪಡೆಯಬಾರದು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ. ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಟ್ರಯಲ್ ಅಲ್ಲ, ವ್ಯಾಪಾರ.

ಪ್ಲಾಸಿಬೊ ಅನ್ಯಾಯವಾಗುವ ಸಂದರ್ಭಗಳೂ ಇವೆ, ಮುಚ್ಚಿಡುವುದಿಲ್ಲ. ಕೆಲಸ ಮಾಡುವ ಔಷಧ ಇದೆ ಎಂದು ಈಗಾಗಲೇ ಗೊತ್ತಿದ್ದರೆ ಹೊಸ ಔಷಧವನ್ನು ಅದರೊಂದಿಗೇ ಹೋಲಿಸಬೇಕು, ಸಕ್ಕರೆಯೊಂದಿಗಲ್ಲ. ಅಂಡೋತ್ಪತ್ತಿಗೆ ಕೊಡುವ ಲೆಟ್ರೊಜೋಲನ್ನು ಪಿಸಿಓಎಸ್ ಇರುವ 750 ಮಹಿಳೆಯರಲ್ಲಿ ಹಾಗೆಯೇ ಕ್ಲೋಮಿಫೀನ್ ಎದುರು ನಿಲ್ಲಿಸಿದರು. 2014ರಲ್ಲಿ ಬಂದ ಉತ್ತರ: ನೂರಕ್ಕೆ 27.5 ವಿರುದ್ಧ 19.1, ಲೆಟ್ರೊಜೋಲ್ ಮೇಲು. ನಮ್ಮ ದೇಶದಲ್ಲಿ ಬಂಜೆತನಕ್ಕೆ ಅದೇ ಲೆಟ್ರೊಜೋಲ್ ಕೊಡುವುದನ್ನು 2011ರಲ್ಲಿ ನಿಷೇಧಿಸಿದ್ದರು, ತೆರವಾದದ್ದು 2017ರಲ್ಲಿ. ಆ ವರ್ಷಗಳಲ್ಲಿ ನಾವು ಕ್ಲೋಮಿಫೀನಿಗೇ ಹಿಂದಿರುಗಿದ್ದೆವು.

ವಯಸ್ಸು 38 ದಾಟಿದವರನ್ನು, ಎರಡೂ ನಾಳ ಮುಚ್ಚಿದವರನ್ನು, ವೀರ್ಯಾಣು ತೀರ ಕಡಿಮೆ ಇರುವವರನ್ನು ಆರು ತಿಂಗಳು ಬರೀ ಹುಸಿ ಮಾತ್ರೆಯ ಮೇಲೆ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ತಿಂಗಳೇ ಔಷಧ. ಸಾಮಾನ್ಯವಾಗಿ ಅಂಥವರ ಟ್ರಯಲ್ ಬೇರೆ ರೀತಿ ಇರುತ್ತದೆ: ಎಲ್ಲರಿಗೂ ಐವಿಎಫ್ ಆಗುತ್ತದೆ, ಅದರ ಮೇಲೆ ಒಂದು ಗುಂಪಿಗೆ ಹೆಚ್ಚುವರಿ ಔಷಧ, ಇನ್ನೊಂದಕ್ಕೆ ಅದರ ಹುಸಿ. ಪಂಕ್ತಿಯಲ್ಲಿ ಎಲ್ಲರಿಗೂ ಊಟವಿದೆ, ಉಪ್ಪಿನಕಾಯಿ ಮಾತ್ರ ಅರ್ಧ ಜನಕ್ಕೆ.

ನಿಮ್ಮ ವಿಷಯದಲ್ಲಿ ಹುಸಿ ಮಾತ್ರೆಗಿಂತ ನಾನು ಲೆಕ್ಕ ಹಾಕುವುದು ಕ್ಯಾಲೆಂಡರನ್ನು. 31 ವರ್ಷ, ತೆರೆದ ನಾಳ, 2.8ರ ಎಎಂಎಚ್ ಇರುವಾಗ ಆರು ತಿಂಗಳು ದೊಡ್ಡ ನಷ್ಟವಲ್ಲ, ಆ ಆರು ತಿಂಗಳಲ್ಲಿ ನೀವಿಬ್ಬರೂ ಸಹಜವಾಗಿ ಪ್ರಯತ್ನಿಸಲು ಅವಕಾಶವಿದ್ದರೆ. ಇದೇ ಮಾತನ್ನು 37 ವರ್ಷದವರಿಗೆ ಹೇಳುತ್ತಿರಲಿಲ್ಲ. ಟ್ರಯಲ್‌ಗೆ ಸೇರಿದರೆ ನಿಮಗೆ ಸಿಗುವುದು ಉಚಿತ ಪರೀಕ್ಷೆ, ಕ್ರಮಬದ್ಧ ತಪಾಸಣೆ. ಕಳೆದುಕೊಳ್ಳುವುದು ಹಾಸನದಿಂದ ಓಡಾಡುವ ದಿನಗಳು ಮತ್ತು, ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ ಚಿಕಿತ್ಸೆಗೆ ಅವರು ಅನುಮತಿ ಕೊಡದಿದ್ದರೆ, ಐದಾರು ಚಕ್ರಗಳು. ಸೇರದೆ ನೇರವಾಗಿ ಐಯುಐ ಮಾಡಿಸುವುದು ಇನ್ನೊಂದು ದಾರಿ. ಕಾರಣ ತಿಳಿಯದ ಬಂಜೆತನವಿದ್ದು, ತಾನಾಗಿ ಗರ್ಭ ನಿಲ್ಲುವ ಸಂಭವ ಕಡಿಮೆ ಎನಿಸಿದ 201 ದಂಪತಿಗಳಲ್ಲಿ ನ್ಯೂಜಿಲೆಂಡಿನವರು ಅಂಡೋತ್ಪತ್ತಿಯ ಮಾತ್ರೆ ಕೊಟ್ಟು ಮೂರು ಸಲ ಐಯುಐ ಮಾಡಿದಾಗ ನೂರಕ್ಕೆ 31 ಜನರಿಗೆ ಮಗುವಾಯಿತು, ಕಾದವರಲ್ಲಿ 9. ಕಾಯುವುದು ಯಾವಾಗಲೂ ಸರಿಯಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ. ನಿಮ್ಮ ಸಂದರ್ಭ ಪೂರ್ತಿ ಅದೇ ಅಲ್ಲ. ಅಂಡೋತ್ಪತ್ತಿಯ ಮಾತ್ರೆಯೊಂದಿಗೆ ಐಯುಐ ಮಾಡಿದರೆ ಅವಳಿ ಮಕ್ಕಳ ಸಂಭವ ಹೆಚ್ಚುತ್ತದೆ, ಸ್ಕ್ಯಾನ್ ತಪ್ಪಿಸಬಾರದು. ಐವಿಎಫ್ ಈಗಲೇ ಬೇಡ. ಖರ್ಚಿನ ಜೊತೆಗೆ ಚುಚ್ಚುಮದ್ದಿನಿಂದ ಅಂಡಾಶಯ ಅತಿಯಾಗಿ ಉಬ್ಬುವ ಅಪಾಯವೂ ಅದಕ್ಕಿದೆ.

ಅಂಗಡಿಯ ಮಾತ್ರೆ ಕೊಂಡು ನುಂಗುವುದು ನಿಮ್ಮಿಷ್ಟ. ಹೆಚ್ಚಿನ ಪ್ರಮಾಣದ ಆಂಟಿಆಕ್ಸಿಡೆಂಟ್ ನಿರುಪದ್ರವಿ ಎನ್ನುವಂತಿಲ್ಲ, ಮೇಲೆ ಹೇಳಿದೆ. ಆದರೆ ಟ್ರಯಲ್‌ಗೆ ಸೇರಿ ಗುಟ್ಟಾಗಿ ಅದನ್ನೂ ನುಂಗುವ ಕೆಲಸ ಮಾತ್ರ ಮಾಡಬೇಡಿ. ಅದರಿಂದ ನಿಮಗೂ ಏನೂ ತಿಳಿಯುವುದಿಲ್ಲ, ನಿಮ್ಮಂಥ ನೂರಾರು ದಂಪತಿಗಳ ಆರು ತಿಂಗಳೂ ಹಾಳಾಗುತ್ತದೆ. ಸೇರುವುದಿಲ್ಲ ಎಂದರೆ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಏನೂ ಬದಲಾಗಬಾರದು. ಸೇರಿದ ಮೇಲೂ ಕಾರಣ ಕೊಡದೆ ಹೊರಬರಬಹುದು.

ಸಹಿ ಹಾಕುವ ಮೊದಲು ಸಮ್ಮತಿ ಪತ್ರದ ಕನ್ನಡ ಪ್ರತಿ ಕೇಳಿ, ಮನೆಗೆ ತನ್ನಿ, ಅತ್ತೆಯವರ ಮುಂದೆ ಗಟ್ಟಿಯಾಗಿ ಓದಿ. ಅದರಲ್ಲಿ ಸಿಟಿಆರ್‌ಐ ಸಂಖ್ಯೆ, ನೈತಿಕ ಸಮಿತಿಯ ದೂರವಾಣಿ ಇರಬೇಕು. ಆರು ತಿಂಗಳಲ್ಲಿ ಐಯುಐ ಮಾಡಿಸಬಹುದೇ, ಗರ್ಭ ನಿಂತರೆ ಮುಂದಿನ ತಪಾಸಣೆ ಯಾರದು, ಟ್ರಯಲ್ ಮುಗಿದ ಮೇಲೆ ನಾವು ನುಂಗಿದ್ದು ಏನೆಂದು ಹೇಳುತ್ತೀರಾ ಎಂದು ಕೇಳಿ. ಇನ್ನೊಂದು ಪ್ರಶ್ನೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಕೊನೆಗೆ ನೀವು ಎಣಿಸುವುದು ವೀರ್ಯಾಣುವನ್ನೋ ಮಗುವನ್ನೋ? ಎಣಿಕೆ 11ರಿಂದ 14ಕ್ಕೆ ಏರಿತು ಎಂದು ಸಂಭ್ರಮಿಸುವ ಟ್ರಯಲ್‌ಗೆ ನಾನು ನನ್ನ ಕುಟುಂಬದವರನ್ನು ಕಳಿಸಲಾರೆ.

ಇನ್ನು ಆ ಡೆಂಗಿ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಜೋರು ಜ್ವರ ಬಂದಾಗ ತಯಾರಿಯಲ್ಲಿದ್ದವು ಪೆಟ್ಟು ತಿನ್ನುತ್ತವೆ, ಅದರ ಪರಿಣಾಮ ಎರಡು ಮೂರು ತಿಂಗಳು ಎಣಿಕೆಯಲ್ಲಿ ಕಾಣುತ್ತದೆ. ನಿಮ್ಮವರು ಪರೀಕ್ಷೆ ಕೊಟ್ಟದ್ದು ಜ್ವರ ಬಂದು ತಿಂಗಳಾದಾಗ, ಎಣಿಕೆ ಇಳಿದಿರಬಹುದಾದ ಹೊತ್ತಿನಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ 16 ಮಿಲಿಯನ್. ಅದಕ್ಕಿಂತ ಕಡಿಮೆ ಇದ್ದೂ ತಂದೆಯಾದವರಿದ್ದಾರೆ. ಇಂದೇ ಟ್ರಯಲ್‌ಗೆ ಸೇರಿ ನಿಜವಾದ ಮಾತ್ರೆಯೇ ಸಿಕ್ಕಿದ್ದರೆ, ಮೂರು ತಿಂಗಳಲ್ಲಿ ಎಣಿಕೆ ತಾನಾಗಿ ಏರಿದ್ದನ್ನು ನೋಡಿ ನೀವೂ ನಾದಿನಿಯಂತೆ ಮಾತ್ರೆಗೆ ಕೈ ಮುಗಿಯುತ್ತಿದ್ದಿರಿ. ಹುಸಿ ಮಾತ್ರೆ ಸಿಕ್ಕಿದ್ದರೂ ಅಷ್ಟೇ ಏರುತ್ತಿತ್ತು.

ಆದ್ದರಿಂದ ಮೊದಲ ಕೆಲಸ ಇನ್ನೊಂದು ವೀರ್ಯ ಪರೀಕ್ಷೆ. ನವೆಂಬರ್ ಮೊದಲ ವಾರ ಕಳೆಯಲಿ. ಎರಡರಿಂದ ಏಳು ದಿನದ ಅಂತರ ಇಟ್ಟುಕೊಂಡು, ಅದೇ ಪ್ರಯೋಗಾಲಯದಲ್ಲಿ ಕೊಡಿ. ಜ್ವರ ಬಂದ ದಿನಾಂಕವನ್ನು ಚೀಟಿಯ ಮೇಲೆ ಬರೆಸಿ. ಎಣಿಕೆ 16 ದಾಟಿದ್ದರೆ ಈ ಟ್ರಯಲ್‌ಗೆ ಅವರೇ ನಿಮ್ಮನ್ನು ಸೇರಿಸಿಕೊಳ್ಳಲಿಕ್ಕಿಲ್ಲ. ದಾಟದಿದ್ದರೆ ಎರಡೂ ವರದಿಗಳನ್ನು ಸಮ್ಮತಿ ಪತ್ರದ ಜೊತೆ ಒಂದೇ ಕವರಿನಲ್ಲಿಟ್ಟುಕೊಂಡು ಹೋಗಿ, ಅತ್ತೆಯವರನ್ನೂ ಕರೆದುಕೊಂಡು.